ಎರಡು ಸೀಟು

ಬಣ್ಣದ ಕಾರ್ಖಾನೆಯ ಮೇಲೆ ಊರವರು ಹಾಕಿದ್ದ ಕೆರೆಯ ಕೇಸು ಸೋತ ವಾರವೇ ಶೈಲಜಳಿಗೆ ಪರಿಸರ ಕಾನೂನು ಓದಲು ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿತು. ತಾಯಿ ಚಿಕ್ಕತಾಯಮ್ಮನಿಗೆ ಹಿಗ್ಗೂ ಆಗಲಿಲ್ಲ, ಅಳುವೂ ಬರಲಿಲ್ಲ. ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಬಟ್ಟೆ ಒಗೆದ ಕೆರೆಯಲ್ಲಿ ಈಗ ಬಿಳಿ ಪಂಚೆ ಅದ್ದಿದರೆ ನೀಲಿಯಾಗಿ ಮೇಲೇಳುತ್ತಿತ್ತು. ಅವಳು ಬೀದಿ ಕೊಳಾಯಿಯ ಕೆಳಗೆ ಬಕೆಟ್ಟಿಟ್ಟು ಸುಮ್ಮನೆ ಕುಳಿತಿದ್ದಳು.

“ಕೆರೆ ಸತ್ತ ಮೇಲೆ ಕೆರೆ ಕಾನೂನು ಓದ್ತಾಳಂತೆ ನಿನ್ ಮಗಳು,” ಎಂದು ಅವಳ ತಮ್ಮ ಮರಿಸ್ವಾಮಿ ನಕ್ಕ.

“ಓದ್ಲಿ ಬಿಡಪ್ಪ,” ಎಂದ ಚಿಕ್ಕತಾಯಮ್ಮ ಮಗಳತ್ತ ತಿರುಗಿದಳು. “ಹತ್ತಿರದ್ದಕ್ಕೇ ಸೇರ್ಕೊ ಮಗಾ. ನಮ್ ಲಾಯರ್ ಸಾಹೇಬ್ರು ಅಲ್ಲೇ ಪಾಠ ಮಾಡೋದು. ಪಾಪ, ತೀರ್ಪಿನ ದಿನ ನಮ್ ಜೊತೆ ಅವ್ರೂ ಅತ್ರು.”

“ಒಳ್ಳೇವ್ರು ಕಣಮ್ಮ. ಆದ್ರೂ ನಾನು ದೂರದ್ದಕ್ಕೇ ಹೋಗ್ತೀನಿ.”

“ಅಂಥಾ ದೇವ್ರಂಥ ಮನುಷ್ಯನ್ನ ಬಿಟ್ಟು? ಊರೇ ಬ್ಯಾಡ ಅನ್ನಿಸ್ತಾ ನಿಂಗೆ?”

“ಇಲ್ಲಮ್ಮ. ಕೆರೆಗೋಸ್ಕರಾನೇ ಹೋಗ್ತಿರೋದು.”

ಚಿಕ್ಕತಾಯಮ್ಮನಿಗೆ ಅರ್ಥವಾಗಲಿಲ್ಲ. ಬಕೆಟ್ಟು ತುಂಬಿ ನೀರು ಕಾಲಿನ ಮೇಲೆ ಹರಿಯುತ್ತಿದ್ದರೂ ಕೊಳಾಯಿ ನಿಲ್ಲಿಸಬೇಕೆಂದು ಅವಳಿಗೆ ತೋಚಲಿಲ್ಲ.

“ಅಲ್ಲಿ ಯಾರವ್ರೆ ನಿಂಗೆ?”

ಶೈಲಜ ಬಗ್ಗಿ ಕೊಳಾಯಿ ನಿಲ್ಲಿಸಿದಳು.

“ಕಾರ್ಖಾನೆ ಕಡೆ ವಾದ ಮಾಡಿ ನಮ್ಮನ್ನ ಸೋಲಿಸಿದ್ರಲ್ಲ, ಆ ಲಾಯರಮ್ಮ ಅಲ್ಲಿ ಪಾಠ ಹೇಳೋಕೆ ಬರ್ತಾರೆ.”