ಏಳನೇ ರೊಟ್ಟಿ

ಹಲಗೆಯ ಮೇಲಿನ ಬಟ್ಟೆ ಸರಿಸಿದ ಸಾದಿಯಾ ಚೇಳು ಕಂಡವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು. ಮನೆಯಲ್ಲಿ ಆರು ರೊಟ್ಟಿ ತಟ್ಟಿಟ್ಟು ಹೊರಟಿದ್ದಳು, ಈಗ ಹಲಗೆಯಲ್ಲಿ ಏಳಿದ್ದವು. ಆರು ರೊಟ್ಟಿ ತಟ್ಟೆ ಕವುಚಿ ಕೊಯ್ದಷ್ಟು ದುಂಡಗೆ. ಏಳನೆಯದು ಮೇಕೆಯ ಕಿವಿಯ ಹಾಗಿತ್ತು, ಅದೂ ನಾಯಿ ಕಚ್ಚಿದ ಮೇಕೆಯ ಕಿವಿ.

"ಇದನ್ನ ಯಾರಿಟ್ಟಿದ್ದು?"

ಕೇಳಬೇಕೆ? ಅವಳ ಬೆನ್ನಿಗೇ ಆರು ವರ್ಷದ ಮಗಳು ರೀಮ್, ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದಳು. ನಾನು ಭಟ್ಟಿಯ ಬಾಯಿಯ ಮುಂದೆ ಕೂತಿದ್ದೆ. ಮೆಕ್ನೆಸ್ ಪಟ್ಟಣದ ಈ ಓಣಿಯಲ್ಲಿ ಐವತ್ತು ವರ್ಷದಿಂದ ನನ್ನದು ಒಂದೇ ಕೆಲಸ. ಹೆಂಗಸರು ಮನೆಯಲ್ಲಿ ತಟ್ಟಿ ತಂದ ರೊಟ್ಟಿಯನ್ನು ಬೇಯಿಸುವುದು, ಅವರವರದನ್ನು ಅವರವರಿಗೇ ವಾಪಸು ಕೊಡುವುದು. ಬೇಯಿಸುವುದನ್ನು ಕತ್ತೆಯೂ ಕಲಿತೀತು. ಅವರವರದನ್ನು ಅವರವರಿಗೇ ಕೊಡುತ್ತೇವಲ್ಲ, ವಿದ್ಯೆ ಇರುವುದು ಅಲ್ಲಿ.

"ಒಂದ್ನಿಮಿಷ ಅಲ್ಲಾಲ್ ಮಾವ, ಇದನ್ನ ಮುದ್ದೆ ಮಾಡಿ ಮತ್ತೆ ತಟ್ಟಿಬಿಡ್ತೀನಿ," ಎಂದಳು ಸಾದಿಯಾ. "ಇಷ್ಟು ಜನದ ಮುಂದೆ ನನ್ನ ಹಲಗೇಲಿ ಇಂಥದ್ದಾ?"

"ಬಿಡಮ್ಮ," ಎಂದಿತು ಮಗು. "ನಾನಿನ್ನು ಮಾಡಲ್ಲ."

ಅತ್ತಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಳಲಿಲ್ಲ. ಸಂಸಾರ ಸಾಕಾದ ಮುದುಕಿಯ ಹಾಗೆ ಹೇಳಿ, ಕೈಯ ಹಿಟ್ಟನ್ನು ಉಜ್ಜಿ ಉದುರಿಸತೊಡಗಿತು. ಸಾದಿಯಾಳ ಕೈ ರೊಟ್ಟಿಯ ಮೇಲೇ ನಿಂತುಬಿಟ್ಟಿತು.

"ಶಾಲೇಲೂ ಇದೇ ಮಾವ," ಎಂದು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ನಿನ್ನೆ ಟೀಚರ್ ಕರೆಸಿದ್ರು. ಒಂದಕ್ಷರ ಬರೀತಾಳಂತೆ, ಅಳಿಸ್ತಾಳಂತೆ. ಮತ್ತೆ ಬರೀತಾಳೆ, ಅಳಿಸ್ತಾಳೆ, ಹಾಳೆ ತೂತಾಗೋವರೆಗೂ. ಈ ತಿಂಗಳು ಒಂದು ದಿನಾನೂ ಟೀಚರ್ ಕೈಗೆ ಪುಸ್ತಕ ಕೊಟ್ಟಿಲ್ಲ. ನಾನು ಒಂದೇಟು ಹೊಡೆದವಳಲ್ಲ. ಎಲ್ಲಿಂದ ಬಂತು ಈ ರೋಗ?"

"ನನ್ನನ್ನ ಕೇಳ್ತೀಯಾ? ನಿಮ್ಮಮ್ಮನಿಂದ ನಿನಗೆ, ನಿನ್ನಿಂದ ಅದಕ್ಕೆ. ಮನೆತನದ ತಾಮ್ರದ ಹಂಡೆ ಥರ."

ಸಾದಿಯಾಳ ಮುಖ ಕಪ್ಪಿಟ್ಟಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು, ಆದರೆ ಸುಳ್ಳನ್ನೂ ಆಡಬಾರದಲ್ಲ. ಅವಳ ತಾಯಿ ಬತೂಲಳ ಮನೆಯ ಕಾನೂನು ಇಡೀ ಓಣಿಗೆ ಗೊತ್ತಿತ್ತು. ದುಂಡಗೆ ತಟ್ಟಿದವರು ಕೂತು ತಿನ್ನಬೇಕು, ಸೊಟ್ಟ ತಟ್ಟಿದವಳು ತನ್ನ ಸೊಟ್ಟ ರೊಟ್ಟಿಯನ್ನು ಬಾಗಿಲ ಹತ್ತಿರ ನಿಂತು ತಿನ್ನಬೇಕು.

"ನಾಲ್ಕು ವರ್ಷ ನಿಂತೇ ತಿಂದಿದ್ದೀನಿ," ಎಂದಳು ಸಾದಿಯಾ. "ಆಮೇಲೆ ಕೈ ಕೂತ್ಕೊಳ್ತು."

"ನಿನ್ನ ಕೈ ಕೂತ್ಕೊಳ್ತು, ನನ್ನ ಕೆಲಸ ಎಕ್ಕುಟ್ಟೋಯ್ತು!"

ಅವಳು ಕಣ್ಣು ಪಿಳುಕಿಸಿದಳು. ನಾನೂ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ.

"ಎಲ್ರೂ ರೊಟ್ಟಿಗೆ ಗುರುತು ಹಾಕೋರು. ಒಬ್ರು ಹೆಬ್ಬೆಟ್ಟು ಒತ್ತೋರು, ಒಬ್ರು ಕಡ್ಡಿ ಚುಚ್ಚೋರು. ನಿಮ್ಮಮ್ಮ ಮಾತ್ರ, 'ಚಂದ್ರನಿಗೆ ಯಾರಾದ್ರೂ ತೂತು ಕೊರೀತಾರಾ ಅಲ್ಲಾಲ್?' ಅನ್ನೋಳು. ಭಟ್ಟಿ ತುಂಬ ಚಂದ್ರರೇ! ನಿಮ್ಮನೇದು ಯಾವುದು ಅಂತ ನಾನು ಹೆಂಗೆ ಕಂಡುಹಿಡೀತಿದ್ದೆ ಹೇಳು? ಅದರ ಮಧ್ಯೆ ನಿನ್ನ ಸೊಟ್ಟ ರೊಟ್ಟಿ ಒಂದಿರೋದು. ಅದು ಕಂಡ್ರೆ ಸಾಕು, ಹಾ, ಬತೂಲಮ್ಮನ ಮನೇದು, ಅಂತ ಪಕ್ಕದ ಆರನ್ನೂ ಎತ್ತಿಡ್ತಿದ್ದೆ. ನಾಲ್ಕು ವರ್ಷ ಒಂದು ದಿನ ತಪ್ಪಿಲ್ಲ. ನಿನ್ನ ಕೈ ದುಂಡಗಾದ ವಾರವೇ ನಿಮ್ಮ ರೊಟ್ಟಿ ಕಂಚುಗಾರನ ಮನೆ ಸೇರ್ತು. ನಿಮ್ಮಮ್ಮ ಬಂದು ನಡುಬೀದೀಲಿ ನನ್ನ ಜನ್ಮ ಜಾಲಾಡಿದ್ಲು."

"ಅದಕ್ಕೇ ಅಮ್ಮ ಆವತ್ತಿಂದ ನನ್ನನ್ನ ಇಲ್ಲೇ ಕಾಯೋಕೆ ನಿಲ್ಲಿಸಿದ್ದಾ?"

"ಮತ್ತೆ? ಇವತ್ತಿಗೂ ನಿಂತಿದ್ದೀಯಲ್ಲ, ಜೈಲಿನ ಪಹರೆಯವನ ಥರ. ದಿನಾ ಒಂದು ಗಂಟೆ. ಹೋಗು ಮನೆಗೆ. ಗುರುತು ಬಂದಿದೆ, ಇನ್ನು ನೀನ್ಯಾಕೆ?"

ಸಾದಿಯಾ ಮಗಳನ್ನು ನೋಡಿದಳು, ಮೇಕೆಯ ಕಿವಿಯನ್ನು ನೋಡಿದಳು. ಸರಿಮಾಡಲು ಬೆರಳು ತುಡಿಯುತ್ತಿದ್ದುದು ನನಗೇ ಕಾಣುತ್ತಿತ್ತು. ಕೊನೆಗೆ ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು, "ಹಾಕಿ ಮಾವ," ಎಂದಳು. ತಿರುಗಿ ನೋಡದೆ ಹೊರಟಳು. ತಿರುಗಿದರೆ ಕೈ ಕೇಳುತ್ತಿರಲಿಲ್ಲ ಎಂದು ಅವಳಿಗೂ ಗೊತ್ತು.

ಮಧ್ಯಾಹ್ನ ರೀಮ್ ಒಬ್ಬಳೇ ಬಂದಳು. ಕಟ್ಟೆಯ ಮೇಲೆ ಹತ್ತು ಮನೆಯ ರೊಟ್ಟಿ ಆರುತ್ತಿತ್ತು. ಅವಳು ಹೊಸಿಲನ್ನೂ ದಾಟಲಿಲ್ಲ.

"ಅಜ್ಜಾ, ನಮ್ಮದು ಅಲ್ಲಿದೆ!" ಎಂದು ಬೀದಿಯಿಂದಲೇ ಕೂಗಿದಳು.

ಮರುದಿನ ತಾಯಿ ಮಗಳು ಇಬ್ಬರೂ ಬಂದರು. ಬಟ್ಟೆ ಸರಿಸಿದೆ. ಐದು ಚಂದ್ರರು, ಒಂದು ಮೇಕೆಯ ಕಿವಿ, ಅದರ ಪಕ್ಕದಲ್ಲಿ ಇನ್ನೊಂದು. ಆ ಇನ್ನೊಂದರ ಮೇಲಿದ್ದ ಬೆರಳಚ್ಚು ದೊಡ್ಡವರದು. ಸಾದಿಯಾ ಪರೀಕ್ಷೆ ಬರೆದ ಹುಡುಗಿಯ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದಳು. ಈ ಸಲ ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗಲಿಲ್ಲ.

"ಅಂಚು ಇನ್ನೂ ಸ್ವಲ್ಪ ದುಂಡಗೇ ಇದೆ," ಎಂದೆ. "ಮಗಳ ಹತ್ರ ಕಲಿತ್ಕೋ."