ಒಬ್ಬರು ಬಾರದಿದ್ದರೂ ಆಟವಿಲ್ಲ

“ಒಬ್ರು ಬರ್ದೇ ಇದ್ರೂ ಆಟ ಇಲ್ಲ. ನಮ್ಮನೇಲಿ ಇದೇ ಮೊದಲ್ನೇ ನಿಯಮ, ಆಯ್ತಾ?” ಎನ್ನುತ್ತ ಅಕ್ಕ ಅದನ್ನು ದುಂಡಗೆ ಬರೆದಳು. ಪಾತ್ರಗಳಾಗಿ ದಾಳ ಉರುಳಿಸುತ್ತ ಆಡುವ ಈ ಕತೆಯಾಟವನ್ನು ನಡೆಸುವ ಭಾವ ತಲೆಯಾಡಿಸಿದರು. ಊಟದ ಮೇಜಿನ ತುಂಬ ದಾಳ, ಪೆನ್ಸಿಲು, ಅವರವರ ಪಾತ್ರದ ಹಾಳೆ. ಇವತ್ತು ಪಾತ್ರ ಕಟ್ಟಿಕೊಂಡು ನಿಯಮ ಗೊತ್ತುಮಾಡುವುದಷ್ಟೆ. ಡ್ರ್ಯಾಗನ್ ಬೇಟೆಗೆ ಹೊರಡುವುದು ಮುಂದಿನ ಭಾನುವಾರ. ತಂಗಿಯಂತೂ ವಾರವಿಡೀ ಹೊಲಿಗೆ ಯಂತ್ರ ತುಳಿಯುತ್ತಲೇ ತನ್ನ ಮಾಟಗಾತಿಗೊಂದು ಹೆಸರು ಹುಡುಕಿದ್ದಳು.

“ನಿಂದು ತೋರ್ಸಕ್ಕಾ,” ಎಂದು ಅವಳು ಅಕ್ಕನ ಹಾಳೆಯನ್ನು ಎಳೆದುಕೊಂಡಳು. ಖಡ್ಗ ಹಿಡಿದ ಯೋಧೆ, ಜೀವಬಲ ಇಪ್ಪತ್ತು. ಆಟದಲ್ಲಿ ಏಟು ಬಿದ್ದಾಗಲೆಲ್ಲ ಅಳಿಸಿ ಇಳಿಸಬೇಕಾದ ಅಂಕಿ ಅದೊಂದೇ. ಅದರ ಮೇಲೆ ತಂಗಿಯ ಹೆಬ್ಬೆರಳು ನಿಂತಿತು. ಬಿಚ್ಚಿ ಮತ್ತೆ ಹೊಲಿದ ಬಟ್ಟೆಯನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸುವ ಬೆರಳು ಅದು. ಕಾಗದ ಅಲ್ಲಿ ಮಾತ್ರ ನಾರೆದ್ದು ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದರೆ ಇಪ್ಪತ್ತರ ಅಡಿಯಲ್ಲಿ ಹದಿನಾಲ್ಕು, ಒಂಬತ್ತು, ಮೂರು ಮಸುಕಾಗಿ ಕಂಡವು. ಇದು ಆಡಿ ಸವೆದ ಹಾಳೆ. ಒಂದು ಸಲವಲ್ಲ, ಎಷ್ಟೋ ಸಲ, ತಾನಿಲ್ಲದೆ.

“ಯಾಕೇ, ಸಪ್ಪಗಾದೆ?” ಎಂದಳು ಅಕ್ಕ.

“ಏನಿಲ್ಲ. ಆಟ ಇನ್ನೂ ಶುರುನೇ ಆಗಿಲ್ವಲ್ಲ ಅಕ್ಕಾ, ನಿನ್ನ ಯೋಧೆಗೆ ಇಷ್ಟೊಂದು ಏಟು ಕೊಟ್ಟಿದ್ದು ಯಾರು?”

ಭಾವ ತಲೆ ತಗ್ಗಿಸಿ ದಾಳಗಳನ್ನು ಒಟ್ಟುಗೂಡಿಸತೊಡಗಿದರು. ಅಕ್ಕನ ಕೈ ತಾನಾಗಿಯೇ ರಬ್ಬರಿನ ಕಡೆ ಹೋಯಿತು.