ಮುಂದೆ ಹೋದ ಗಂಟು

ಹಳ್ಳದ ದಂಡೆಯಲ್ಲಿ ಚಕ್ಕಡಿ ನಿಲ್ಲಿಸಿದವನೇ ಗುದ್ಲೆಪ್ಪ, "ತೀರಿತು ತಗೀ!" ಎಂದ. ಅವನ ದನಿಯಲ್ಲಿ ದುಃಖವೇನೂ ಇರಲಿಲ್ಲ. ಹತ್ತಿಮತ್ತೂರಿನಲ್ಲಿ ನೆಲ ನೆನೆಯುವಷ್ಟೂ ಮಳೆಯಿಲ್ಲ. ಮೇಲೆ ಬಂಕಾಪುರದ ಕಡೆ ಎಲ್ಲೋ ಮಿರಗದ ಮಳೆ ಹೊಡೆದಿತ್ತು. ಮುಂಜಾನೆ ಕೋಳಿ ದಾಟುವಂತಿದ್ದ ಹಳ್ಳ ಈಗ ಎರಡೂ ದಂಡೆ ತುಂಬಿ, ರಾಡಿಯಾಗಿ, ಭೋರೆಂದು ಹರಿಯುತ್ತಿತ್ತು. ಆಚೆ ದಂಡೆಯ ಮೇಲೆ ಯಲವಿಗಿ ಸ್ಟೇಶನ್ನಿನ ಹಂಚಿನ ಮಾಡು ಕಣ್ಣೆದುರಿಗೇ ಇತ್ತು.

"ಹೊಳ್ಳಿ ಮನಿಗೆ ಹೋಗೂಣು ನಡೀರಿ. ಆ ಹಳ್ಳದವ್ವನೇ ಬ್ಯಾಡ ಅಂದ್ಲು."

ದುರಗವ್ವ ಚಕ್ಕಡಿಯಲ್ಲೇ ಎದ್ದು ನಿಂತಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮಗಳು ಸುಶೀಲವ್ವ ಇವತ್ತು ಧಾರವಾಡಕ್ಕೆ ಹೋಗಿ, ಮಾಸ್ತರಕಿ ಕಲಿಸುವ ಸಾಲೆಯಲ್ಲಿ ಹಾಜರಾಗಬೇಕು. ತಪ್ಪಿದರೆ ಆ ಜಾಗ ಬೇರೆಯವರ ಪಾಲು. ಆಮೇಲೆ ಗುದ್ಲೆಪ್ಪ ದುಂಡಸಿಯಲ್ಲಿ ನೋಡಿಟ್ಟ ವರನೇ ಗತಿ. ಗುದ್ಲೆಪ್ಪ ದುರಗವ್ವನ ಗಂಡನ ಅಣ್ಣ. ಗಂಡ ತೀರಿಹೋದ ಮನೆಯಲ್ಲಿ ಭಾವನ ಮಾತು ಮೀರುವುದೆಂದರೆ ಹುಡುಗಾಟವೇ?

ಇವತ್ತು ಮಂಗಳವಾರ, ಮನೆಮಗಳು ಹೊಸಿಲು ದಾಟಬಾರದೆಂದು ಅವನು ಮೊದಲೇ ಅಡ್ಡಗಾಲು ಹಾಕಿದ್ದ. ದುರಗವ್ವ ಏನು ಕಡಿಮೆಯೇ? ಸೋಮವಾರವೇ ಮಗಳ ಅರಿವೆಯ ಗಂಟು ಕಟ್ಟಿ ನೆರೆಮನೆಯ ಫಕ್ಕೀರವ್ವನ ಪಡಸಾಲೆಯಲ್ಲಿ ಇಟ್ಟು ಬಂದಿದ್ದಳು. ಗಂಟು ಹೋದರೆ ಮನುಷ್ಯ ಹೋದಂತೆ. ಗುದ್ಲೆಪ್ಪನೂ ಪರವೂರಿಗೆ ಹೊರಡುವಾಗ ವಾರ ಸರಿಯಿಲ್ಲದಿದ್ದರೆ ಹಿಂದಿನ ದಿನವೇ ತನ್ನ ರುಮಾಲನ್ನು ಹೀಗೆ ನೆರೆಮನೆಗೆ ಕಳಿಸುವವನು. ತಾನೇ ನಡೆಸಿಕೊಂಡು ಬಂದ ಪದ್ಧತಿಗೆ ಇಲ್ಲ ಎನ್ನಲಾಗದೆ, ಮೋರೆ ಊದಿಸಿಕೊಂಡೇ ಚಕ್ಕಡಿ ಹೂಡಿ, ಗಂಟನ್ನು ಅಲ್ಲಿಂದ ಹೇರಿಕೊಂಡು ಹೊರಟಿದ್ದ.

"ಅವ್ವಾ, ಪೂಲಿನ ಮ್ಯಾಲೆ ಹಾದು ಹೋದ್ರ?" ಎಂದಳು ಸುಶೀಲವ್ವ. ಅಲ್ಲೇ ಒಂದಿಷ್ಟು ಮೇಲೆ ರೈಲಿನ ಸೇತುವೆ ಹಳ್ಳವನ್ನು ದಾಟಿತ್ತು.

"ಹುಚ್ಚಿ! ಅಲ್ಲಿ ಹಾದಿ ಎಲ್ಲೈತಿ? ಬರೇ ಮರದ ತೊಲಿ, ನಡುನಡುವ ಸಂದಿ. ತಲಿ ಮ್ಯಾಲ ಗಂಟು ಹೊತಗೊಂಡು ಕಾಲು ಜಾರಿತೋ, ಹೆಣಾನೂ ಸಿಗಂಗಿಲ್ಲ," ಎಂದು ಗುದ್ಲೆಪ್ಪ ಗಂಟನ್ನು ತನ್ನ ಮಗ್ಗುಲಿಗೆ ಎಳೆದುಕೊಂಡ.

ದುರಗವ್ವ ಒಂದು ಗಳಿಗೆ ಗಂಟನ್ನೇ ನೋಡಿದಳು. ಆಮೇಲೆ ಚಕ್ಕಡಿಯಿಂದ ಇಳಿದು, ಹೇರು ಬಿಗಿಯುವ ಉದ್ದನೆಯ ಹಗ್ಗ ಬಿಚ್ಚಿ, ಅದರ ತುದಿಗೆ ಒಂದು ಕಲ್ಲು ಕಟ್ಟಿದಳು. ಆಚೆ ದಂಡೆಯಲ್ಲಿ ಟಾಂಗಾದ ನಿಯಾಜ ಸವಾರಿ ಕಾಯುತ್ತ ನಿಂತಿದ್ದ.

"ನಿಯಾಜಣ್ಣಾ, ಗಾಡಿ ಬಂತೇನು?"

"ಸಿಗ್ನಲ್ಲಿನ ಕೈ ಇನ್ನೂ ಬಿದ್ದಿಲ್ಲವ್ವಾ! ಲಗೂ ಮಾಡ್ರಿ!"

"ಹಗ್ಗಾ ಒಗೀತೇನಿ, ಹಿಡಿ!"

ಮೊದಲ ಸಲ ಕಲ್ಲು ನೀರಿಗೆ ಬಿತ್ತು. ದುರಗವ್ವ ಹಗ್ಗ ಎಳೆದುಕೊಂಡು, ಸೆರಗು ಸೊಂಟಕ್ಕೆ ಬಿಗಿದು, ಜೋಳ ತಿನ್ನುವ ಗುಬ್ಬಿಗೆ ಕವಣೆ ಬೀಸಿದಂತೆ ಬೀಸಿದಳು. ಈ ಸಲ ನಿಯಾಜ ಹಿಡಿದ. ಅವಳು ಭಾವನ ಮಗ್ಗುಲಿನಿಂದ ಗಂಟನ್ನು ಕಸಿದು ಹಗ್ಗದ ಈ ತುದಿಗೆ ಬಿಗಿದಳು.

"ಏ, ಏ! ಏನ್ ಮಾಡಾಕತ್ತಿ?"

"ನನ್ನ ಮಗಳನ್ನ ದಾಟಸಾಕತ್ತೇನ್ರಿ ಭಾವಾರ."

ನಿಯಾಜ ಜಗ್ಗಿದ. ಗಂಟು ಒಮ್ಮೆ ಮುಳುಗಿತು, ಎದ್ದಿತು, ತೊಟ್ಟಿಕ್ಕುತ್ತ ಆಚೆ ದಂಡೆ ಏರಿತು. ದುರಗವ್ವ ಭಾವನ ಕಡೆ ತಿರುಗಿದಳು. ಇಷ್ಟು ವರ್ಷದಲ್ಲಿ ಅವಳು ಅವನ ಮೋರೆ ನೆಟ್ಟಗೆ ನೋಡಿದ್ದು ಇದೇ ಮೊದಲು.

"ಗಂಟು ಹೋದ್ರ ಮನಿಷಾ ಹೋದಂಗ, ಹೌದಲ್ರಿ? ಹಂಗಂದ್ರ ನನ್ನ ಮಗಳು ಈಗ ಆ ದಂಡಿಗೆ ಅದಾಳ. ಹೊಂಟು ಹೋದಾಕಿನ್ನ ಹೊಳ್ಳಿ ಮನಿಗೆ ಕರಕೊಂಡು ಹೋದ್ರ ಯಾರಿಗೆ ಒಳ್ಳೇದ್ರಿ? ನೀವ ಹೇಳ್ರಿ."

ಗುದ್ಲೆಪ್ಪನ ಕೈ ತನ್ನ ರುಮಾಲಿನ ಮೇಲೆ ಹೋಯಿತು. ತನ್ನ ಬೆರಳೇ ತನ್ನ ಕಣ್ಣು ಚುಚ್ಚಿದರೆ ಯಾರನ್ನು ಬೈಯುವುದು!

ತಾಯಿ ಮಗಳು ಸೀರೆಯ ಕಚ್ಚೆ ಬಿಗಿದು ಪೂಲು ಹತ್ತಿದರು. ಮುಂದೆ ಸುಶೀಲವ್ವ, ಹಿಂದೆ ದುರಗವ್ವ. ಒಂದು ತೊಲೆ, ಇನ್ನೊಂದು ತೊಲೆ. ಸಂದಿಯಲ್ಲಿ ಕೆಳಗೆ ನೀರು ಓಡುತ್ತಿದ್ದರೆ ಪೂಲೇ ಓಡಿದಂತಾಗುತ್ತಿತ್ತು. ನಟ್ಟನಡುವೆ ಸುಶೀಲವ್ವ ನಿಂತುಬಿಟ್ಟಳು.

"ಅವ್ವಾ, ತಲಿ ತಿರಗಾಕತ್ತೈತಿ... ಕಾಲು ಏಳವಲ್ವು."

ದುರಗವ್ವ ಹಿಂದಿನಿಂದ ಮಗಳ ಸೆರಗು ಹಿಡಿದುಕೊಂಡಳು. ಅಯ್ಯೋ, ಹಟ ಮಾಡಿ ನಾನೇ ಮಗಳನ್ನು ಕೊಂದೆನೇ ಎನ್ನಿಸಿತು.

ಆಗ ಹಿಂದಿನಿಂದ ಗುದ್ಲೆಪ್ಪನ ಗಂಟಲು ಹಳ್ಳದ ಸಪ್ಪಳವನ್ನೂ ಮೀರಿ ಕೇಳಿತು. ಅವನು ಚಕ್ಕಡಿ ಬಿಟ್ಟು ಪೂಲಿನ ಬುಡಕ್ಕೆ ಓಡಿ ಬಂದಿದ್ದ.

"ಸುಶೀಲೀ! ನೀರು ನೋಡಬ್ಯಾಡ! ನಿನ್ನ ಗಂಟು ನೋಡಕೋತ ನಡಿಯವ್ವಾ! ಏ ನಿಯಾಜ, ಗಂಟು ಮ್ಯಾಲೆತ್ತಿ ಹಿಡಿಯೋ!"

ಪೂಲಿನ ಆ ತುದಿಗೆ ಬಂದು ನಿಂತಿದ್ದ ನಿಯಾಜ ಗಂಟನ್ನು ತಲೆಯ ಮೇಲಕ್ಕೆ ಎತ್ತಿದ. ಸುಶೀಲವ್ವ ಕಣ್ಣೆತ್ತಿದಳು. ಒಂದು ಕಾಲು ಎದ್ದಿತು, ಇನ್ನೊಂದು ಎದ್ದಿತು. ಇಬ್ಬರೂ ಆಚೆ ನೆಲ ಮುಟ್ಟಿದ ಮೇಲೆ ಸಿಗ್ನಲ್ಲಿನ ಕೈ ಬಿತ್ತು.

ಗಾಡಿ ಮಗಳನ್ನು ಹತ್ತಿಸಿಕೊಂಡು ಹೋಯಿತು. ದುರಗವ್ವ ಕಣ್ಣೊರೆಸಿಕೊಳ್ಳುತ್ತ ಹಳ್ಳದ ದಂಡೆಗೆ ಬಂದಳು. ಆಚೆ ಗುದ್ಲೆಪ್ಪ ಇನ್ನೂ ನಿಂತೇ ಇದ್ದ. ಬೈಗುಳಕ್ಕೆ ಅವಳು ಮೈ ಬಿಗಿ ಮಾಡಿಕೊಂಡಳು.

"ಹತ್ತಿದಳೇನು?" ಎಂದು ಕೂಗಿದ.

"ಹತ್ತಿದಳ್ರಿ!"

ಅವನು ಅವಸರದಲ್ಲಿ ಚಕ್ಕಡಿ ಹತ್ತಿ ಎತ್ತುಗಳನ್ನು ತಿರುಗಿಸಿದ.

"ನೀ ಹಳ್ಳ ಇಳಿದ ಮ್ಯಾಲೆ ಬಾ! ನಾ ಲಗೂನ ಮನಿ ಮುಟ್ಟಬೇಕು, ಸಂಜೀ ಕಸಾ ಹೊಡದಗಿಡದಾರು! ಹಾದ್ಯಾಗಿದ್ದಾಕಿಗೆ ಅದು ಕೆಡಕು! ಹುಡುಗಿ ಧಾರವಾಡ ಮುಟ್ಟೂತನಕ ನಮ್ಮ ಮನ್ಯಾಗ ಯಾರೂ ಕಸಬರಿಗಿ ಮುಟ್ಟಬಾರದು!"